ಬಾಗುಕೊಕ್ಕಿನ ಹಕ್ಕಿಗೆ ಹಾಕಿದ ಓಟು

ಪ್ರೀತಿಯ ತಮ್ಮ ಕೊಲಮ್‌ಗೆ,

ಡಬ್ಲಿನ್ನಿನ ಆಚೆ, ಕಡಲ ದಂಡೆಯ ಹೋಟೆಲಿನಲ್ಲಿದ್ದೇನೆ. ಹಕ್ಕಿ, ಹುಳು, ಹಳ್ಳಗಳನ್ನು ಉಳಿಸಲು ಸರ್ಕಾರ ಏನು ಮಾಡಬೇಕೆಂದು ಹೇಳುವುದಕ್ಕೆ ಚೀಟಿ ಎತ್ತಿ ಆರಿಸಿದ ನೂರು ಜನರಲ್ಲಿ ನಾನೂ ಒಬ್ಬಳೆಂದರೆ ಇನ್ನೂ ನಂಬಿಕೆ ಬರುತ್ತಿಲ್ಲ.

ಇವತ್ತು ಸಭೆಯಲ್ಲಿ ಕಿಟಕಿ ಪರದೆ ಎಳೆದು, ರೆಕಾರ್ಡ್ ಮಾಡಿದ ಒಂದು ಕೂಗು ಕೇಳಿಸಿದರು. ನಮ್ಮ ಜೌಗಿನ ಬಾಗುಕೊಕ್ಕಿನ ಹಕ್ಕಿ ಕಣೋ. ಕೂಗು ಏರುತ್ತಾ ಹೋದಂತೆ ಕಾಲಡಿಯ ಜಮಖಾನ ಮೆಲ್ಲಗೆ ಒದ್ದೆಯಾದಂತೆ, ದೂರದಲ್ಲಿ ಅಪ್ಪ ಒಲೆಯಲ್ಲಿ ಸೌದೆಯಂತೆ ಉರಿಸಲು ಜೌಗುಮಣ್ಣನ್ನು ಸನಿಕೆಯಿಂದ ಕೊಯ್ದು ಒಣಹಾಕುತ್ತಿರುವಂತೆ ಅನ್ನಿಸಿತು.

ಪಕ್ಕದಲ್ಲಿದ್ದ ಡಬ್ಲಿನ್ನಿನ ಬಸ್ ಡ್ರೈವರ್ ಫಿಂಟನ್ ಪಿಸುಗುಟ್ಟಿದ. "ಯಾರೋ ಒಲೆ ಮೇಲೆ ಶಿಳ್ಳೆ ಹೊಡೆಯೋ ಕೆಟಲ್ ಮರೆತು ಬಂದಂಗಿದೆಯಲ್ಲಕ್ಕ."

"ಹಕ್ಕಿ ಕಣಪ್ಪ ಅದು."

"ಹೌದಾ? ಐವತ್ತೆರಡು ವರ್ಷ ಆಯ್ತು ನಂಗೆ, ಒಂದ್ಸಲಾನೂ ಕೇಳಿಲ್ಲ. ನಿಮ್ಮೂರಲ್ಲಿ ದಿನಾ ಕೂಗುತ್ತಾ?"

ಹೌದೆನ್ನಲು ಬಾಯಿ ತೆರೆದೆ. ನಮ್ಮಲ್ಲಿ ಅದು ಕೊನೆಯ ಸಲ ಕೂಗಿದ್ದು ಯಾವಾಗ ಎಂದು ನೆನಪಾಗಲೇ ಇಲ್ಲ.

ಮಧ್ಯಾಹ್ನ ಓಟಿಗೆ ಹಾಕಿದರು. ಆ ಹಕ್ಕಿ ಉಳಿಯಬೇಕಾದರೆ ಜೌಗುಗಳಲ್ಲಿ ತೋಡಿದ ಕಾಲುವೆಗಳನ್ನು ಮುಚ್ಚಿ ನೀರು ನಿಲ್ಲಲು ಬಿಡಬೇಕು, ಇನ್ನು ಯಾರೂ ಮಣ್ಣು ಕೊಯ್ಯಬಾರದು ಎಂದು ಸರ್ಕಾರಕ್ಕೆ ಹೇಳೋಣವೇ ಅಂತ. ನಮ್ಮ ಜೌಗೂ ಅದರಲ್ಲಿ ಸೇರಿತ್ತು. ಹೌದು ಎಂದು ಗುರುತು ಹಾಕಿದೆ.

ಮಂಡಿನೋವು ಕಡಿಮೆಯಾಗಿದೆ. ಊಟ ಪರವಾಗಿಲ್ಲ, ಆಲೂಗಡ್ಡೆ ಮಾತ್ರ ಬರೀ ನೀರು. ಬೈಯುವುದಿದ್ದರೆ ಭಾನುವಾರ ಬರುತ್ತೇನೆ, ಆಗ ಬೈ. ಅಷ್ಟರೊಳಗೆ ಅಪ್ಪನ ಸನಿಕೆಗೆ ಎಣ್ಣೆ ಸವರಿ ಗೋಡೆಗೆ ತೂಗುಹಾಕು. ಚಳಿಗಾಲಕ್ಕೆ ಸೌದೆ ಹೇಳಿಡು.

ನಿನ್ನಕ್ಕ,
ಡೆರ್ವ್ಲಾ