ತಿರುಗಿಸಿ ನೋಡಿದ ಫಿಲ್ಮು

ಗುಬ್ಬಿ
೧೪-೧೧-೧೯೫೯

ಚಿರಂಜೀವಿ ಸುಬ್ಬಕೃಷ್ಣನಿಗೆ,

ನಿನ್ನ ಅಕ್ಕ ಹರಸಿ ಬರೆಯುವುದು. ಸಿಟ್ಟಿದೆ, ಆದರೂ ಹರಸುವುದನ್ನು ಬಿಟ್ಟಿಲ್ಲ. ಮದರಾಸಿನ ಮೆಸ್ಸಿನ ಊಟ ನಿನ್ನ ಹೊಟ್ಟೆಗೆ ಒಗ್ಗಿತೋ ಇಲ್ಲವೋ? ಕಳಿಸಿದ ಮೆಂತ್ಯದ ಹಿಟ್ಟನ್ನು ಮಜ್ಜಿಗೆಗೆ ಹಾಕಿಕೊಂಡು ಕುಡಿ. ನಿಮ್ಮ ಭಾವನವರು ಕ್ಷೇಮ. ಅಲಮೇಲು ಆಸ್ಪತ್ರೆಯಿಂದ ಬಂದು ಎಂಟು ದಿನವಾಯಿತು. ನಿನ್ನೆಯಿಂದ ಅನ್ನ ತಿನ್ನುತ್ತಿದ್ದಾಳೆ, ಗೋಡೆ ಹಿಡಿದುಕೊಂಡು ಹಿತ್ತಲಿನವರೆಗೆ ನಡೆಯುತ್ತಾಳೆ. ಇದನ್ನು ನೀನು ಕೇಳಿರಲಿಲ್ಲ, ನಾನೇ ಬರೆಯುತ್ತಿದ್ದೇನೆ.

ಆಪರೇಷನ್ನಿನ ಸುದ್ದಿಯನ್ನು ನಿಮ್ಮ ಭಾವ ನಿನಗೆ ಬರೆದದ್ದೇ ತಪ್ಪಾಯಿತು. ಗುರುವಾರ ಬಂದ ನಿನ್ನ ಕಾಗದವನ್ನು ಎರಡು ಸಲ ಓದಿದೆ. ನನ್ನ ಮಗಳು ಹೇಗಿದ್ದಾಳೆ ಎಂಬ ಮಾತು ಎಲ್ಲೂ ಸಿಕ್ಕಲಿಲ್ಲ. ದೊಡ್ಡ ಡಾಕ್ಟರುಗಳ ಸಭೆಯಲ್ಲಿ ಇವಳ ಮೇಲೆ ಪ್ರಬಂಧ ಓದುತ್ತೀಯಂತೆ, ಎದೆಯ ಎಕ್ಸ್‌ರೇ ಫಿಲ್ಮನ್ನು ಕೂಡಲೇ ಕಳಿಸಬೇಕಂತೆ. ‘ಅಪರೂಪದ ಕೇಸು’ ಎಂದು ಮೂರು ಕಡೆ ಬರೆದಿದ್ದೀಯ. ಅವಳಿಗೆ ಒಂದು ಹೆಸರಿದೆ ಸುಬ್ಬು, ಅದನ್ನು ಆರಿಸಿದವನು ನೀನೇ.

ಹೋದ ವರ್ಷ ನೀನಿನ್ನೂ ತುಮಕೂರಿನಲ್ಲಿದ್ದಾಗ ಅವಳಿಗೆ ಕೆಮ್ಮು ಬಂದಿತ್ತಲ್ಲ. ಮನೆಗೆ ಎಣ್ಣೆನೀರು ಹಾಕಲು ಬರುವ ರೇವಮ್ಮ ಎದೆಗೆ ಬಿಸಿ ಎಣ್ಣೆ ಉಜ್ಜುತ್ತಾ ಕೈ ನಿಲ್ಲಿಸಿ, “ಅವ್ವಾ, ಈ ಮಗೀಗೆ ಎದೆ ಬಲಗಡೀಕೆ ಬಡ್ಕತೈತಲ್ಲ” ಅಂದಳು. ನಾನೂ ಕೈಯಿಟ್ಟು ನೋಡಿದೆ, ನಿಜವಾಗಿತ್ತು. ಮೂವರೂ ಬಸ್ಸು ಹತ್ತಿ ನಿನ್ನ ಹತ್ತಿರ ಬಂದೆವು. ನೀನು ಬೆನ್ನಿಗೆ ಮಾತ್ರ ಸ್ಟೆತಸ್ಕೋಪು ಇಟ್ಟು, ಫಿಲ್ಮು ತೆಗೆಸಿದೆ. ಅದರಲ್ಲೂ ಹೃದಯ ಬಲಗಡೆಯೇ ಬಂದಿತ್ತು. ಆಗ ನೀನು ಮಾಡಿದ್ದೇನು? ಎಡಬಲದ ಗುರುತು ತಪ್ಪಾಗಿ ಇಟ್ಟಿದ್ದಾನೆಂದು ಫಿಲ್ಮು ತೆಗೆದವನನ್ನು ಬೈದೆ. ಅದನ್ನು ತಿರುಗಿಸಿ ಬೆಳಕಿಗೆ ಹಿಡಿದು, “ನೋಡೇ ಅಕ್ಕಾ, ಈಗ ಸರಿಯಾಯ್ತಲ್ಲ” ಅಂದೆ. ಒಂದು ಸಲ ಅವಳ ಎದೆ ಮುಟ್ಟಿ ನೋಡು ಎಂದಿದ್ದಕ್ಕೆ, “ಎಣ್ಣೆ ಉಜ್ಜೋರ ಮಾತು ಕಟ್ಕೊಂಡು ನಂಗೆ ಪಾಠ ಹೇಳ್ತೀಯಾ” ಎಂದು ರೇವಮ್ಮನ ಎದುರಿಗೇ ನಕ್ಕೆ. ಫಿಲ್ಮಿನ ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಗೀಚಿ ಕೊಟ್ಟೆ. ಡಾಕ್ಟರಾದ ತಮ್ಮನೆಂದು ನಾನು ಬಾಯಿ ಮುಚ್ಚಿಕೊಂಡು ಬಂದೆ. ಆ ಸಿಟ್ಟು ನನ್ನ ಮೇಲೂ ಇದೆ.

ಈ ಸಲ ದಸರೆ ಕಳೆದ ಮೇಲೆ ಅವಳಿಗೆ ಕಿಬ್ಬೊಟ್ಟೆಯ ಎಡಗಡೆ ನೋವು ಶುರುವಾಯಿತು. ಇಲ್ಲಿಯ ಡಾಕ್ಟರು ಜಯರಾಮಯ್ಯನವರು ಮುಟ್ಟಿ ನೋಡಿ, ಅಪೆಂಡಿಕ್ಸಿನ ಹಾಗೇ ಕಾಣುತ್ತದೆ, ಆದರೆ ಅದು ಬಲಗಡೆ ಬರಬೇಕಲ್ಲ ಎಂದರು. ನಾನು ರೇವಮ್ಮನ ಮಾತು ಹೇಳಿದೆ. ಅವರು ಲಕೋಟೆ ತರಿಸಿ ಓದಿ, “ನಿಮ್ಮ ತಮ್ಮನೇ ಬರ್ದಿದಾರಲ್ಲಮ್ಮ, ಎಲ್ಲಾ ಇರೋ ಕಡೇನೇ ಇದೆ” ಎಂದು ಹರಳೆಣ್ಣೆ ಕುಡಿಸಲು ಹೇಳಿ ಹೋದರು. ಮೂರು ದಿನ ಮಗು ಮೊಣಕಾಲು ಮಡಚಿಕೊಂಡು ನರಳಿತು. ನಾಲ್ಕನೇ ದಿನ ತುಮಕೂರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಅಲ್ಲಿಯ ಸರ್ಜನ್ನರು ಫಿಲ್ಮು ಕೇಳಲಿಲ್ಲ. ಸ್ಟೆತಸ್ಕೋಪನ್ನು ಎದೆಯ ಎಡಕ್ಕೆ ಇಟ್ಟರು, ಬಲಕ್ಕೆ ಸರಿಸಿದರು. ಅರ್ಧ ಗಂಟೆಯೊಳಗೆ ಹೊಟ್ಟೆಯ ಎಡಗಡೆಯೇ ಕೊಯ್ದರು. ಒಡೆದು ಕೀವು ತುಂಬಿತ್ತಂತೆ. ಇನ್ನೊಂದು ದಿನ ಕಳೆದಿದ್ದರೆ ಅವಳು ನಮಗೆ ದಕ್ಕುತ್ತಿರಲಿಲ್ಲ. ಒಳಗಿನದೆಲ್ಲ ಎಡಬಲ ಅದಲುಬದಲಾಗಿ ಹುಟ್ಟಿದ್ದಾಳೆ ಎಂದು ಅವರು ವಿವರಿಸುವಾಗ ರೇವಮ್ಮ ಬಾಗಿಲ ಹತ್ತಿರ ನಿಂತಿದ್ದಳು.

ಈಗ ಹೇಳು, ನಿನ್ನ ಸಭೆಯಲ್ಲಿ ಯಾವ ಪಾಠ ಹೇಳಿಕೊಡುತ್ತೀಯ? ಫಿಲ್ಮನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇನೆ. ನಿಮ್ಮ ಭಾವ ಹೇಳಿದರೂ ಕೊಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರಾಯನದುರ್ಗದ ನರಸಿಂಹಸ್ವಾಮಿ ನಿನಗೆ ಆಯುಸ್ಸು ಕೊಡಲಿ, ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಕೌಸಲ್ಯ

ಮತ್ತೆ: ಕಾಗದ ಅಂಟಿಸುವಾಗ ಅಲಮೇಲು, “ಕೊಡಮ್ಮ, ನನ್ ಥರ ಇನ್ಯಾರಾದ್ರೂ ಇದ್ರೆ?” ಅಂದಳು. ಅವಳ ಮಾತಿಗೆ ಫಿಲ್ಮನ್ನು ಅಂಚೆಯಲ್ಲಿ ರಿಜಿಸ್ಟರು ಮಾಡಿಸುತ್ತಿದ್ದೇನೆ. ಲಕೋಟೆ ಬದಲಾಯಿಸಬೇಡ. ನೀನು ಗೀಚಿದ್ದನ್ನು ಜಯರಾಮಯ್ಯನವರಿಂದ ಕನ್ನಡದಲ್ಲಿ ಹೇಳಿಸಿಕೊಂಡೆ: ‘ಫಿಲ್ಮು ತಿರುಗಿದೆ. ಹೃದಯ ಎಡಗಡೆಯೇ ಇದೆ. ತಾಯಿಗೆ ಸುಮ್ಮನೆ ಗಾಬರಿ.’ ಸಭೆಯಲ್ಲಿ ಮೊದಲು ಅದನ್ನು ಓದು. ಆಮೇಲೆ ರೇವಮ್ಮನ ಹೆಸರು ಹೇಳು. ಅದಾದ ಮೇಲೆ ಫಿಲ್ಮು ತೋರಿಸು, ತಿರುಗಿಸದೆ.