ಮಂಚದ ಕೆಳಗಿನ ಅಡ್ಡಪಟ್ಟಿ

ಜಯಲಕ್ಷ್ಮಿಪುರಂ, ಮೈಸೂರು
ಶುಕ್ರವಾರ

ಮುದ್ದು ಮಾಲವಿಕಾ,

ಹುಬ್ಬಳ್ಳಿಗೆ ಹೊರಟಿರುವ ನಮ್ಮ ಲಾರಿಯ ಡ್ರೈವರ್ ವಸಂತನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಫೋನಿನಲ್ಲಾದರೆ ನನ್ನ ದನಿ ಕೇಳಿಯೇ ಏನೋ ಇದೆ ಎಂದು ಹಿಡಿದುಬಿಡುತ್ತೀಯ. ಅಲ್ಲಿನ ಹೊಸ ಫ್ಯಾಕ್ಟರಿ ಬಿಟ್ಟು ನೀನು ಓಡಿ ಬರುವುದು ಬೇಡ.

ಸೋಮವಾರದ ಮೀಟಿಂಗಿನ ವಿಷಯ. ಕಂಪನಿಗೆ ಐವತ್ತು ತುಂಬಿದ ನೆನಪಿಗೆ ಕುವೆಂಪುನಗರದಲ್ಲಿ ನಿಮ್ಮ ತಾತ ದೊರೆಸ್ವಾಮಿಯವರ ಹೆಸರಿನ ಕಮಾನು ಕಟ್ಟಿಸಬೇಕೆಂದು ನಿಮ್ಮಪ್ಪ ಪಟ್ಟು ಹಿಡಿದಿದ್ದಾರೆ. ನೀನೂ ಹೂಂ ಅಂದೆಯಂತೆ. ನಾನು ಉಹೂಂ ಅನ್ನುವವಳು. ನಮ್ಮ ಮೂವರಲ್ಲಿ ಇಬ್ಬರು ಒಪ್ಪಿದ್ದೇ ಆಗುವುದರಿಂದ ನನಗೆ ನೀನು ಬೇಕು.

ಮಾವನವರ ಮೇಲೆ ನನಗೇನೂ ಗೌರವ ಕಡಿಮೆಯಿಲ್ಲ. ಹಿತ್ತಲ ಶೆಡ್ಡಿನಲ್ಲಿ ಅವರು ಪೈಪು ಬಗ್ಗಿಸಿ ಮಾಡುತ್ತಿದ್ದ ಆಸ್ಪತ್ರೆ ಮಂಚಗಳಿಗೆ, ಹೊಸ ಸೊಸೆಯಾಗಿ ಬಂದ ನಾನೂ ಬಣ್ಣ ಬಳಿದಿದ್ದೇನೆ. ಈಗ ನಮ್ಮ ಮಂಚಗಳು ಕೇರಳ, ಆಂಧ್ರಕ್ಕೂ ಹೋಗುತ್ತವೆ. ಊರಿನ ಆಸ್ಪತ್ರೆಗಳಿಗೆ ಪ್ರತಿ ವರ್ಷ ಪುಕ್ಕಟೆ ಕೊಡುತ್ತೇವೆ, ಮೇಲೊಂದು ಹೆಸರಿನ ತಗಡು ಹೊಡೆದು.

ಹೋದ ವಾರ ನಮಗೆ ಬೇಕಾದವರೊಬ್ಬರು ಅಂಥದೇ ಒಂದು ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದರು. ಜೊತೆಗೆ ನಾನಿದ್ದೆ. ಮಲಗಲು ನೆಲವೇ ಗತಿ. ರೋಗಿಗೆ ನಿದ್ದೆ ಹತ್ತಿದ ಮೇಲೆ ಮಂಚದ ಕೆಳಗೆ ಚಾಪೆ ತಳ್ಳಿ ನುಸುಳಲು ಹೋದರೆ, ಗಟ್ಟಿಯಾಗಿರಲಿ ಎಂದು ನಿಮ್ಮಪ್ಪ ಹೆಮ್ಮೆಯಿಂದ ಹಾಕಿಸಿದ ಅಡ್ಡಪಟ್ಟಿ ಹಣೆಗೆ ಬಡಿಯಿತು. ಪಕ್ಕದ ಮಂಚದಲ್ಲಿದ್ದ ಗಂಡನನ್ನು ನೋಡಿಕೊಳ್ಳುತ್ತಿದ್ದ ಲಕ್ಷ್ಮಮ್ಮ ಅಯ್ಯೋ ಎಂದು ಒದ್ದೆ ಬಟ್ಟೆ ಕೊಟ್ಟರು. “ಈ ಮಂಚ ಕೊಟ್ಟೋರು ಪುಣ್ಯಾತ್ಮರು ಕಣಕ್ಕ. ಆದ್ರೆ ಅವ್ರ ಮನೇಲಿ ಯಾರೂ ಆಸ್ಪತ್ರೇಲಿ ಜೊತೆಗೆ ಉಳ್ಕಂಡಿಲ್ಲ ಅನ್ನುಸ್ತದೆ” ಎಂದರು. ನಾನು ಯಾರೆಂದು ಹೇಳಲಿಲ್ಲ. ನಾಚಿಕೆಯಾಯಿತು ಕಣೇ. ದೀಪದ ಬುಡದಲ್ಲೇ ಕತ್ತಲು. ಇಷ್ಟು ವರ್ಷ ಮಂಚ ಮಾಡಿದ ನಮಗೆ ರೋಗಿಯ ಜೊತೆಗೊಬ್ಬರು ಇರುತ್ತಾರೆಂದು ಹೊಳೆಯಲೇ ಇಲ್ಲ.

ಕಮಾನಿನ ಅಡಿಯಲ್ಲಿ ಬಸ್ಸುಗಳು ಹೋಗುತ್ತವೆ, ಅಷ್ಟೆ. ಅದೇ ದುಡ್ಡಿನಲ್ಲಿ, ನಾವು ಈ ಊರಿಗೆ ಕೊಟ್ಟ ಪ್ರತಿ ಮಂಚದ ಅಡ್ಡಪಟ್ಟಿ ತೆಗೆಸಿ, ಅಡಿಯಿಂದ ಎಳೆದುಕೊಳ್ಳುವ ಇನ್ನೊಂದು ಪುಟ್ಟ ಮಂಚ ಕೂರಿಸಬೇಕು. ಮೇಲಿನದು ಅಲುಗದ ಹಾಗೆ ಹೇಗೆ ಎನ್ನುವುದು ನಿನ್ನ ಇಂಜಿನಿಯರಿಂಗಿಗೆ ಬಿಟ್ಟಿದ್ದು. ಸೋಮವಾರದೊಳಗೆ ನನಗೆ ನಕ್ಷೆ ಬೇಕು. ಹೆಸರಿನ ತಗಡು ಬೇಡ. ನಿಮ್ಮಪ್ಪ ಕೂಗಾಡುತ್ತಾರೆ, ಕೂಗಾಡಲಿ.

ಈ ಸಲ ಬಗ್ಗದ ನಿನ್ನ ಅಮ್ಮ,
ಅಲಮೇಲು

ತಾ.ಕ.: ಗಾಬರಿಯಾಗಬೇಡ, ಅಡ್ಮಿಟ್ ಆಗಿದ್ದವರು ನಿಮ್ಮಪ್ಪನೇ. ಹೊಸ ಮಂಚಗಳನ್ನು ಕೊಡಲು ಹೋದವರು ಬಿ.ಪಿ. ಏರಿ ಅಲ್ಲೇ ಕುಸಿದರು. ಬೇರೆ ಕಡೆ ಹೋಗೋಣವೆಂದರೆ, ನಾನು ಕೊಟ್ಟ ಮಂಚ ನನಗೇ ಆಗಲ್ವೇನೇ ಎಂದು ಹಟ ಹಿಡಿದರು. ಈಗ ಮನೆಗೆ ಬಂದು ಗುಂಡುಕಲ್ಲಿನ ಹಾಗಿದ್ದಾರೆ. ನರ್ಸುಗಳ ರೂಮಿನಲ್ಲಿ ಮಲಗುತ್ತೇನೆಂದು ಅವರಿಗೆ ಸುಳ್ಳು ಹೇಳಿದ್ದೆ. ನಾನು ಅವರ ಮಂಚದ ಕೆಳಗೇ ಇದ್ದದ್ದು ಇನ್ನೂ ಅವರಿಗೆ ಗೊತ್ತಿಲ್ಲ. ಹಣೆಯ ಗಾಯ ಏನೆಂದು ಕೇಳಿದ್ದಕ್ಕೆ ಬಾಗಿಲು ತಗುಲಿತು ಅಂದೆ. ಯಾವ ಬಾಗಿಲು ಎಂದು ಸೋಮವಾರ ಮೀಟಿಂಗಿನಲ್ಲಿ ಹೇಳುತ್ತೇನೆ.