ಮೂವತ್ತೊಂದನೇ ನಂಬರಿನ ಪುಸ್ತಕ

ಗ್ರಂಥಾಲಯದ ಹಿಂದಿನ ಕೋಣೆ,
ಗುರುವಾರ, ಹದಿನೇಳನೇ ತಾರೀಖು,
ಮಧ್ಯಾಹ್ನ ಊಟದ ಬಿಡುವು

ಪ್ರೀತಿಯ ಗುಂಡ,

ಹೇಗಿದ್ದೀಯಪ್ಪ? ಹೋದ ತಿಂಗಳು ಫೋನಿನಲ್ಲಿ ಒಂದೇ ಸಮನೆ ಕೆಮ್ಮುತ್ತಿದ್ದೆ. ಕೇಳಿದರೆ ಬಣ್ಣದ ವಾಸನೆ ಅಂದೆ. ಬೋರ್ಡು ಬರೆಯುವಾಗ ಮೂಗಿಗೊಂದು ಬಟ್ಟೆ ಕಟ್ಟಿಕೋ ಎಂದು ನಾನು ಹೇಳುವುದು, ಆಯ್ತಕ್ಕಾ ಎಂದು ನೀನು ಅನ್ನುವುದು, ಇದು ಇಪ್ಪತ್ತು ವರ್ಷದಿಂದ ನಡೆದುಕೊಂಡು ಬಂದಿದೆ. ಈಗಲಾದರೂ ಡಾಕ್ಟರಿಗೆ ತೋರಿಸು. ನಿನ್ನ ಹೆಂಡತಿ ಹುಷಾರಾಗಿದ್ದಾಳೆಯೇ? ಮಗಳ ಫೋಟೊವನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟಿದ್ದೇನೆ, ತಲೆ ಬಾಚುವಾಗ ದಿನಾ ನೋಡುತ್ತೇನೆ. ಮೂಗು ಥೇಟ್ ನಮ್ಮ ಅಪ್ಪನದು, ಪಾಪ, ಏನು ಮಾಡುವುದು. ಇಲ್ಲಿ ನಿನ್ನ ಭಾವನಿಗೆ ಮೊಣಕಾಲು ನೋವು. ಮೆಟ್ಟಿಲು ಕಂಡರೆ ಮುಖ ಹುಳ್ಳಗೆ ಮಾಡುತ್ತಾರೆ, ಮನೆ ಇರುವುದೋ ಮೂರನೇ ಮಹಡಿಯಲ್ಲಿ. ನನಗೆ ಕಾಯಿಲೆ ಅಂತ ಏನೂ ಇಲ್ಲ. ಸುಸ್ತು, ಅಷ್ಟೆ. ಬೆಳಗ್ಗೆ ಎದ್ದಾಗಲೇ ಸಂಜೆಯಾದಷ್ಟು ಸುಸ್ತು. ಐವತ್ತೊಂದಕ್ಕೆ ಇದೆಲ್ಲ ಸಹಜ ಎಂದು ನಮ್ಮ ಡಾಕ್ಟರಮ್ಮ ಹೇಳಿದರು. ಅವರಿಗೆ ಐವತ್ತೆಂಟು, ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾರೆ. ಅವರನ್ನು ನೋಡಿದರೇ ನನಗೆ ಇನ್ನಷ್ಟು ಆಯಾಸವಾಗುತ್ತದೆ.

ನಿನ್ನ ಕಾರ್ಡು ತಲುಪಿತು. ವರ್ಷಕ್ಕೊಂದು ಕಾರ್ಡು, ಅದರಲ್ಲಿ ಮೂರು ಸಾಲು. ಅಂಗಡಿಗಳ ಬೋರ್ಡಿನ ಮೇಲೆ ಆಳೆತ್ತರದ ಅಕ್ಷರ ಬರೆಯುವವನಿಗೆ ಅಕ್ಕನಿಗೆ ಬರೆಯುವಾಗ ಇಷ್ಟು ಜಿಪುಣತನ ಎಲ್ಲಿಂದ ಬಂತೋ. ಆದರೂ ಈ ಸಲದ ಮೂರು ಸಾಲನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ. ‘ಅಕ್ಕಾ, ಮಗಳಿಗೆ ನಾಲ್ಕು ತುಂಬಿತು. ಕಥೆ ಹೇಳು ಅಂತ ಜೀವ ತಿಂತಾಳೆ, ನಂಗೆ ಬರಲ್ಲ. ಚಿಕ್ಕ ಮಕ್ಕಳಿಗೆ ಹೊಸ ಪುಸ್ತಕ ಯಾವುದು ಚೆನ್ನಾಗಿದೆ ಬರಿ.’ ನೀನು ನನ್ನನ್ನು ಏನನ್ನಾದರೂ ಕೇಳಿ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಲು ಹೋದೆ, ಅರ್ಧಕ್ಕೇ ಬಿಟ್ಟುಬಿಟ್ಟೆ. ನಮ್ಮಿಬ್ಬರ ನಡುವೆ ಜಗಳವೇನೂ ಇಲ್ಲವಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ, ಯಾರಾದರೂ ಹಿರಿಯರು ನಡುವೆ ಕೂತು ಬಗೆಹರಿಸುತ್ತಿದ್ದರು. ಫೋನಿನಲ್ಲಿ ಬಿಸಿಲು ಹೇಗಿದೆ, ಮಳೆ ಬಂತಾ ಎಂದು ಕೇಳಿಕೊಂಡು ಇಟ್ಟುಬಿಡುತ್ತೇವೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಪುಸ್ತಕದ ವಿಷಯ ಕೇಳಿದೆಯಲ್ಲ, ಈ ತಿಂಗಳು ನನಗೆ ಅದೇ ಕೆಲಸ. ಪ್ರತಿ ವರ್ಷ ನಮ್ಮ ಗ್ರಂಥಾಲಯ ಮೂರರಿಂದ ಆರು ವರ್ಷದ ಮಕ್ಕಳಿಗೆ ಹೊಸ ಪುಸ್ತಕಗಳ ಪಟ್ಟಿ ಮಾಡುತ್ತದೆ. ಇಪ್ಪತ್ತೇ ಇಪ್ಪತ್ತು. ಪಟ್ಟಿಗೆ ಬಂದದ್ದು ಎಲ್ಲ ಶಿಶುಶಾಲೆಗಳಿಗೂ ಹೋಗುತ್ತದೆ, ಬಾರದ್ದು ಬರೆದವರ ಮನೆಯ ಅಟ್ಟ ಸೇರುತ್ತದೆ. ಆರಿಸುವವರು ಮೂವರು: ನಾನು, ನಿವೃತ್ತರಾದ ಒಬ್ಬರು ಮೇಷ್ಟ್ರು, ಮತ್ತು ಈಗಷ್ಟೇ ಹೇಳಿದೆನಲ್ಲ, ಮಕ್ಕಳ ಡಾಕ್ಟರಮ್ಮ. ಮೂವರಲ್ಲಿ ಇಬ್ಬರು ಹೂಂ ಅಂದರೆ ಪುಸ್ತಕ ಪಟ್ಟಿಗೆ ಬಂತು. ಯಾರ ಮುಖ ನೋಡಿಯೂ ಮಣೆ ಹಾಕಬಾರದೆಂದು ನಮ್ಮ ಅಟೆಂಡರ್ ರಟ್ಟಿನ ಮೇಲೂ, ಒಳಗೆ ಹೆಸರಿರುವ ಪುಟಗಳ ಮೇಲೂ ಕಂದು ಕಾಗದ ಅಂಟಿಸಿ ಒಂದೊಂದು ನಂಬರು ಬರೆದುಕೊಡುತ್ತಾರೆ. ಬರೆದವರು ನಮ್ಮವರು ಎಂದು ಗೊತ್ತಾಗಿಹೋದರೆ ಅಂಕದ ಹಾಳೆಯಲ್ಲಿ ‘ಪರಿಚಿತರು’ ಎಂದು ಬರೆದು, ಏನು ಸಂಬಂಧವೆಂದು ನಮೂದಿಸಿ, ಪೆನ್ನು ಕೆಳಗಿಡಬೇಕು. ಆಗ ಮುಖ್ಯಸ್ಥರು ಕಾಗದ ಕಿತ್ತು ನಿಜವೋ ಸುಳ್ಳೋ ನೋಡುತ್ತಾರೆ. ಹಿಂದೊಬ್ಬ ಮಹಾರಾಯರು ಓದುವ ಸೋಮಾರಿತನಕ್ಕೆ ಹದಿನೈದು ಪುಸ್ತಕಗಳಿಗೆ ‘ಪರಿಚಿತರು’ ಎಂದು ಬರೆದು ಕೈ ತೊಳೆದುಕೊಂಡಿದ್ದರಂತೆ, ಅಂದಿನಿಂದ ಈ ತಪಾಸಣೆ. ಇನ್ನೊಂದು ನಿಯಮ, ಪ್ರತಿ ಪುಸ್ತಕವನ್ನೂ ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿಯೇ ಅಂಕ ಹಾಕಬೇಕು. ಈ ವರ್ಷ ಬಂದದ್ದು ಅರವತ್ತೆರಡು. ಓದಿ ಓದಿ ನನ್ನ ಧ್ವನಿ ಹಳೆಯ ಬಾಗಿಲಿನಂತಾಗಿದೆ.

ಉಸ್ಸಪ್ಪಾ, ಎಂಥೆಂಥ ಪುಸ್ತಕಗಳು ಮಾರಾಯ. ಹಲ್ಲುಜ್ಜುವ ಕರಡಿ ಐದು ಬಂದಿವೆ. ಹಂಚಿಕೊಂಡು ತಿನ್ನುವ ಮೊಲ ಒಂಬತ್ತು. ಒಂದರಲ್ಲಿ ಮೊಲ ಕೊನೆಯ ಪುಟದಲ್ಲಿ ಕೈ ಕಟ್ಟಿ ನಿಂತು ಉಪದೇಶ ಮಾಡುತ್ತದೆ. ಕೇಳುತ್ತಿದ್ದ ಐದು ವರ್ಷದವಳೊಬ್ಬಳು ‘ಇದು ಮೊಲ ಅಲ್ಲ, ನಮ್ಮ ಮಿಸ್ಸು’ ಅಂದಳು. ಅದಕ್ಕಿಂತ ದೊಡ್ಡ ವಿಮರ್ಶೆ ನನ್ನಿಂದಾಗದು, ಹಾಗೇ ಬರೆದುಕೊಟ್ಟೆ. ನಿನ್ನ ಮಗಳಿಗೆ ಏಳನೇ ನಂಬರು ಆಗುತ್ತದೆ: ಬೀದಿ ಗುಡಿಸುವ ಮುದುಕನಿಗೆ ಒಂಟಿ ಕಾಲುಚೀಲ ಸಿಗುತ್ತದೆ, ಅದರ ಕಾಲನ್ನು ಹುಡುಕಿಕೊಂಡು ಊರೆಲ್ಲ ಸುತ್ತುತ್ತಾನೆ. ನಲವತ್ತನಾಲ್ಕನೆಯದೂ ಚೆನ್ನಾಗಿದೆ, ಡಿಪೊಗೆ ಹೋಗಿ ಮಲಗಲು ಒಲ್ಲೆ ಎಂದು ಹಟ ಹಿಡಿಯುವ ಬಸ್ಸಿನ ಕಥೆ. ಹನ್ನೆರಡನೆಯದರಲ್ಲಿ ಅಡುಗೆಮನೆಯ ಸದ್ದುಗಳು ಮಾತ್ರ, ಒಂದೂ ವಾಕ್ಯವಿಲ್ಲ. ಅದನ್ನು ಓದಲು ನಾಚಿಕೆ ಬಿಡಬೇಕು. ನೀನು ಬಿಡುವವನಲ್ಲ, ಹೆಂಡತಿಯ ಕೈಯಲ್ಲಿ ಓದಿಸು. ಹೆಸರುಗಳೆಲ್ಲ ಕಾಗದದಡಿಯಲ್ಲಿವೆ, ಕಿತ್ತ ಮೇಲೆ ಬರೆದು ಕಳಿಸುತ್ತೇನೆ.

ಇನ್ನು ಮೂವತ್ತೊಂದನೇ ನಂಬರು. ಗುಂಡ, ಅದರ ಕಥೆಯನ್ನು ನಿನಗೇ ಹೇಳುವುದು ಹುಚ್ಚುತನ, ಬರೆದವನು ನೀನು. ಆದರೂ ಹೇಳುತ್ತೇನೆ, ನಾನು ಸರಿಯಾಗಿ ಓದಿಕೊಂಡೆನೋ ಇಲ್ಲವೋ ನೀನೇ ನೋಡು. ಪುಟ್ಟ ಹುಡುಗನೊಬ್ಬ ಹಾಸಿಗೆ, ಟ್ರಂಕು ಇಡುವ ಕೋಣೆಯೊಳಗೆ ಸಿಕ್ಕಿಕೊಂಡಿದ್ದಾನೆ. ಹೊರಗಿನಿಂದ ಚಿಲಕ. ನೂರರವರೆಗೆ ಎಣಿಸಿದರೆ ಬಾಗಿಲು ತೆಗೆಯುತ್ತೇನೆ ಎಂದು ಅಕ್ಕ ಹೇಳಿದ್ದಾಳೆ. ಅವನು ಎಣಿಸುತ್ತಾನೆ. ಹತ್ತೊಂಬತ್ತು ಆದ ಮೇಲೆ ಇಪ್ಪತ್ತು ಬಾಯಿಗೆ ಬರುವುದಿಲ್ಲ, ತಿರುಗಿ ಹನ್ನೊಂದಕ್ಕೇ ಬರುತ್ತಾನೆ. ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಹೊರಗೆ ಕೂತಿದ್ದಾಳೆ. ಅವನು ತಪ್ಪಿದಾಗಲೆಲ್ಲ ಅವಳೂ ಬೇಕೆಂದೇ ತಪ್ಪುತ್ತಾಳೆ. ಬಾಗಿಲ ಸಂದಿಯಿಂದ ಒಂದೊಂದೇ ತಳ್ಳುತ್ತಾಳೆ, ಎಲೆ, ಬಾಚಣಿಗೆ, ಬಸ್ ಟಿಕೆಟ್ಟು, ಪ್ರತಿಯೊಂದಕ್ಕೂ ಒಂದು ಕಥೆ. ಚಿತ್ರಗಳಲ್ಲಿ ಕೋಣೆಯ ಕತ್ತಲು ಪುಟಪುಟಕ್ಕೂ ತೆಳುವಾಗುತ್ತದೆ. ಕೊನೆಗೆ ಇಬ್ಬರೂ ಸೇರಿ ನೂರು ಅನ್ನುತ್ತಾರೆ, ಬಾಗಿಲು ತೆರೆಯುತ್ತದೆ.

ಸೋಮವಾರ ಬೆಳಗ್ಗೆ ಹನ್ನೊಂದು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಇದನ್ನು ಓದಲು ಶುರುಮಾಡಿದೆ. ಹತ್ತೊಂಬತ್ತು, ಹನ್ನೊಂದು ಎಂದು ಓದಿದ ಕೂಡಲೇ ಗುರುತು ಹತ್ತಿತು, ಚಿಕ್ಕವನಿದ್ದಾಗ ನೀನು ಎಣಿಸುತ್ತಿದ್ದುದೂ ಹೀಗೇ. ಮಕ್ಕಳು ‘ಆಮೇಲೆ, ಆಮೇಲೆ’ ಅನ್ನುತ್ತಿದ್ದರು. ಹೇಗೆ ಮುಗಿಸಿದೆನೋ ಗೊತ್ತಿಲ್ಲ. ಯಾವಾಗಲೂ ಕಿಟಕಿಯ ಕಡೆಗೇ ನೋಡುತ್ತ ಕೂರುವ ಒಂದು ಹುಡುಗಿ ಎದ್ದು ಬಂದು ಪುಸ್ತಕದ ಬಾಗಿಲ ಸಂದಿಗೆ ತನ್ನ ತಲೆಪಿನ್ನು ಇಟ್ಟಳು, ಒಳಗಿರುವವನಿಗೆ ಕೊಡಲು. ಮೂರು ಸಲ ಓದಿಸಿದರು. ಅವರನ್ನು ಕಳಿಸಿ ಈ ಹಿಂದಿನ ಕೋಣೆಗೆ ಬಂದು ಕದ ಹಾಕಿಕೊಂಡು ಅತ್ತೆ.

ಆವತ್ತು ನನಗೆ ಹನ್ನೆರಡು, ನಿನಗೆ ಐದು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ನನ್ನ ಕೈಯಲ್ಲಿ ಆ ದಿನವೇ ವಾಪಸು ಕೊಡಬೇಕಾದ ಪುಸ್ತಕವಿತ್ತು, ಇನ್ನೂ ಅರ್ಧ ಉಳಿದಿತ್ತು. ನೀನು ಸೆರಗು ಹಿಡಿದ ಮಗುವಿನಂತೆ ಹಿಂದೆ ಹಿಂದೆ, ‘ಅಕ್ಕಾ ಕಥೆ ಹೇಳು, ಅಕ್ಕಾ ಕಥೆ ಹೇಳು.’ ಹಾಸಿಗೆ ಕೋಣೆಗೆ ನೂಕಿ ಚಿಲಕ ಹಾಕಿದೆ. ‘ನೂರರವರೆಗೆ ಎಣಿಸು, ಆಮೇಲೆ ಹೇಳ್ತೀನಿ’ ಅಂದೆ. ನಿನಗೆ ನೂರು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಗಿಲ ಹತ್ತಿರ ನಾನು ಕೂರಲಿಲ್ಲ. ನಿನ್ನ ಎಣಿಕೆ ಓದುವುದಕ್ಕೆ ಅಡ್ಡಿಯಾಯಿತೆಂದು ಮಹಡಿಗೆ ಹೋದೆ, ಪುಸ್ತಕದಲ್ಲಿ ಮುಳುಗಿದೆ, ನಿನ್ನನ್ನು ಮರೆತೆ. ನಾಲ್ಕು ಗಂಟೆ ಹೊತ್ತು ಮರೆತೆ. ಅಪ್ಪ ಬಂದು ಬಾಗಿಲು ತೆಗೆದಾಗ ಅಳಲು ನಿನಗೆ ಧ್ವನಿಯೇ ಉಳಿದಿರಲಿಲ್ಲ. ಗಾಳಿಗೆ ಬಾಗಿಲು ಬಡಿದು ಚಿಲಕ ತಾನೇ ಬಿತ್ತು ಎಂದು ನಾನು ಹೇಳಿದೆ. ಹಾಸಿಗೆ ಒದ್ದೆ ಮಾಡಿದ್ದಕ್ಕೆ ನಿನಗೆ ಎರಡು ಬಿತ್ತು. ನೀನು ನನ್ನ ಕಡೆ ನೋಡಿದೆ, ಬಾಯಿ ಬಿಡಲಿಲ್ಲ. ಆವತ್ತಿನಿಂದ ನೀನು ನನ್ನನ್ನು ಕಥೆ ಕೇಳಲಿಲ್ಲ. ಅಮ್ಮ ತೀರಿಕೊಂಡಾಗ ಎರಡು ದಿನ ಬಂದಿದ್ದೆಯಲ್ಲ, ಅಷ್ಟು ಚಳಿಯಲ್ಲೂ ಕೋಣೆಯ ಬಾಗಿಲು ಹಾಕಿಕೊಳ್ಳದೆ ಮಲಗಿದ್ದೆ. ನಾನು ಕಂಡೂ ಕಾಣದವಳಂತೆ ಆಚೆ ಹೋದೆ.

ಅಂಥವಳನ್ನು ನೀನು ನಿನ್ನ ಪುಸ್ತಕದಲ್ಲಿ ಬಾಗಿಲ ಹತ್ತಿರ ತಂದು ಕೂರಿಸಿದ್ದೀಯ. ಅದನ್ನು ಓದಿದಾಗಿನಿಂದ ನನಗೆ ಮೈ ಹಗುರಾಗಿದೆ ಗುಂಡ, ಈ ನಾಲ್ಕು ದಿನದ ಸುಸ್ತಿನಲ್ಲೂ ಹಗುರಾಗಿದೆ. ಕಾರ್ಡು ಬರೆದದ್ದು ಯಾಕೆಂದೂ ಈಗ ತಿಳಿಯಿತು. ಯಾವ ಹೊಸ ಪುಸ್ತಕ ಚೆನ್ನಾಗಿದೆ ಎಂದು ಕೇಳುವ ನೆಪದಲ್ಲಿ, ಓದಿದೆಯಾ ಅಕ್ಕ ಎಂದು ಕೇಳಿದ್ದೀಯ, ಕಳ್ಳ. ಓದಿದೆ. ಮೂವತ್ತೊಂಬತ್ತು ವರ್ಷ ನಿನ್ನ ಹತ್ತಿರ ಹೇಗೆ ಕೇಳಲಿ ಎಂದು ಒದ್ದಾಡಿದ್ದನ್ನು ನೀನೇ ಮುಂದಾಗಿ ಕೊಟ್ಟುಬಿಟ್ಟೆ. ಇನ್ನು ನಾನು ಬಾಯಿಬಿಟ್ಟು ಕೇಳುವುದು ಏನೂ ಉಳಿಯಲಿಲ್ಲ.

ಆದರೆ ಒಂದು ಕೆಟ್ಟ ಸುದ್ದಿಯನ್ನೂ ಹೇಳಬೇಕು. ಮೇಷ್ಟ್ರು ಈ ಪುಸ್ತಕಕ್ಕೆ ಒಪ್ಪಿಲ್ಲ. ‘ಮಗೂನ ಕೂಡಿ ಹಾಕೋ ಕಥೆ ಮಕ್ಕಳಿಗೆ ಕೊಡೋದಾ, ತಾಯಂದಿರು ಸುಮ್ನೆ ಬಿಡ್ತಾರಾ’ ಎಂದು ಮೂಗು ಮುರಿದರು. ಡಾಕ್ಟರಮ್ಮ ಒಪ್ಪಿದ್ದಾರೆ. ಉಳಿದದ್ದು ನನ್ನ ಒಂದು ಹೂಂ. ನಾಳೆ ಬೆಳಗ್ಗೆ ಹಾಳೆ ಕೊಡಬೇಕು, ನಾನು ಅದರಲ್ಲಿ ‘ಪರಿಚಿತರು, ತಮ್ಮ’ ಎಂದು ಬರೆಯುತ್ತೇನೆ. ಬರೆಯದೆ ಇರಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನಿನ್ನ ವಿಷಯದಲ್ಲಿ ಒಮ್ಮೆ ಸುಳ್ಳು ಹೇಳಿ ಸಾಕಾಗಿದೆ. ನಿನ್ನ ಪುಸ್ತಕ ಪಟ್ಟಿಗೆ ಬರುವುದಿಲ್ಲ, ನನ್ನಿಂದಲೇ ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಅರವತ್ತೆರಡರಲ್ಲಿ ಮಕ್ಕಳು ಮೂರು ಸಲ ಓದಿಸಿದ್ದು ಅದೊಂದನ್ನೇ ಎಂಬುದನ್ನು ಮಾತ್ರ ತಿಳಿದುಕೊಂಡಿರು.

ಬಿಡುವು ಮುಗಿಯಿತು, ಹೊರಗೆ ಮಕ್ಕಳ ಚಪ್ಪಲಿ ಸದ್ದು ಕೇಳುತ್ತಿದೆ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಮಗಳ ಕೆನ್ನೆಗೊಂದು ಮುತ್ತು, ಅತ್ತೆ ಕೊಟ್ಟಳು ಅಂತ ಹೇಳಿ ಕೊಡು. ನಿನ್ನ ಕೈಗೆ, ಕುಂಚಕ್ಕೆ ಯಾವ ಕುಂದೂ ಬಾರದಿರಲಿ. ಮೂಗಿಗೆ ಬಟ್ಟೆ ಕಟ್ಟಿಕೋ.

ನಿನ್ನ,
ಅಕ್ಕ

ತಾಜಾ ಕಲಂ, ಶುಕ್ರವಾರ ಬೆಳಗ್ಗೆ: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಹಾಳೆ ಕೊಟ್ಟೆ. ಮುಖ್ಯಸ್ಥರು ನನ್ನೆದುರಿಗೇ ಕಂದು ಕಾಗದ ಕಿತ್ತು ನೋಡಿ, ‘ಇವರು ನಿಮ್ಮ ತಮ್ಮನಾ ಮೇಡಂ’ ಎಂದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಹೆಂಗಸಿನ ಹೆಸರು. ನಾನು ಕಂಡು ಕೇಳಿದವಳಲ್ಲ. ಒಳಪುಟದಲ್ಲಿ ‘ತಮ್ಮನಿಗೆ, ತಡವಾಗಿ’ ಎಂದು ಅರ್ಪಣೆ ಇದೆ. ಐದು ವರ್ಷದ ಯಾವ ಮಗುವಾದರೂ ಹತ್ತೊಂಬತ್ತರಲ್ಲಿ ಎಡವುತ್ತದೆ ಎಂದು ಹಾಳೆ ಕೊಡಲು ಬಂದಿದ್ದ ಡಾಕ್ಟರಮ್ಮ ಅಂದರು. ಇಪ್ಪತ್ತೆಂಟು ವರ್ಷ ಇಲ್ಲಿ ಮಕ್ಕಳ ಜೊತೆ ಕೂತ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನೀನೇ ಬರೆದಿರಬೇಕೆಂಬ ಆಸೆ ಹೆಚ್ಚಾಗಿತ್ತು, ಅಷ್ಟೆ. ಅಂಕ ಹಾಕಿದೆ, ಪುಸ್ತಕ ಪಟ್ಟಿಗೆ ಬಂತು, ಅದು ಆ ಹೆಂಗಸಿಗೆ ಸಲ್ಲಬೇಕಾದದ್ದು. ಆದರೆ ನನ್ನ ಈ ನಾಲ್ಕು ದಿನದ ಹಗುರವನ್ನು ನೀನು ಕೊಟ್ಟಿರಲಿಲ್ಲ. ಕಾರ್ಡಿನಲ್ಲಿ ನೀನು ಬರೀ ಪುಸ್ತಕ ಕೇಳಿದ್ದೆ. ನಾನು ಕೇಳಬೇಕಾದದ್ದನ್ನು ಇನ್ನೂ ಕೇಳಿಯೇ ಇಲ್ಲ. ಗುಂಡ, ಚಿಲಕ ಹಾಕಿದ್ದು ನಾನು, ಮರೆತವಳು ನಾನು, ಸುಳ್ಳು ಹೇಳಿ ನಿನಗೆ ಏಟು ತಿನ್ನಿಸಿದವಳು ನಾನು. ನನ್ನನ್ನು ಕ್ಷಮಿಸುತ್ತೀಯಾ? ಆಗದಿದ್ದರೆ ಆಗುವುದಿಲ್ಲ ಅಂತಲೇ ಬರಿ.